ಐದನೆಯ ಲೋಟದ ನೀರು

ಎಪ್ಪತ್ತಾರು ವರ್ಷದ ಡಾರ್ಕಸ್ ಇಟ್ಸಿಗೆ ದೂರದ ಉತ್ತರದ ಹಿಮನಾಡಿನಲ್ಲಿ, ಪೀಲ್ ನದಿಯ ದಂಡೆಯ ಆ ಊರಿನಲ್ಲಿ ಎರಡು ವಿಷಯಕ್ಕೆ ಹೆಸರಿತ್ತು. ಒಂದು, ಅವಳ ಹೊಗೆಮನೆಯಲ್ಲಿ ಒಣಗಿದ ಮೀನು. ಇನ್ನೊಂದು, ಅವಳ ನಾಲಿಗೆ. ನಾಲಿಗೆ ಎಂದರೆ ಬೈಯುವ ನಾಲಿಗೆ ಎಂದು ಅವಳ ಮೈದುನ ಏಬಲ್ ಹೇಳುತ್ತಿದ್ದ. ಅದೂ ಸುಳ್ಳಲ್ಲ. ಆದರೆ ಊರವರು ಹೊಗಳುತ್ತಿದ್ದುದು ನೀರಿನ ರುಚಿ ಹಿಡಿಯುವ ನಾಲಿಗೆಯನ್ನು. ಯಾರ ಮನೆಯಲ್ಲಿ ಚಹ ಕುಡಿದರೂ ಮೊದಲ ಗುಟುಕಿಗೇ ಡಾರ್ಕಸ್ ಅಜ್ಜಿ ಲೋಟ ಕೆಳಗಿಟ್ಟು, ಇದು ಲಾರಿಯವನು ತಂದು ಹಾಕಿದ ನೀರು, ಇದು ನದಿಯ ಮಂಜುಗಡ್ಡೆ ಕರಗಿಸಿದ್ದು, ಇದು ಹಿಂದಿನ ಕೆರೆಯದು, ಕೆರೆಯಲ್ಲಿ ಬೀವರ್ ಪ್ರಾಣಿ ಮನೆ ಕಟ್ಟಿದೆ ಎಂದೆಲ್ಲ ಹೇಳಿಬಿಡುತ್ತಿದ್ದಳು. ತನ್ನ ಮನೆಯ ಚಹಕ್ಕೆ ಮಾತ್ರ ಸಾರಾ ಹಳ್ಳದ ನೀರು. ಸಾರಾ ಅವಳ ಅಜ್ಜಿ. ಹಳ್ಳದ ಪಕ್ಕದಲ್ಲಿ ಸಾರಾಳ ಬಿಡಾರವಿತ್ತು. ಎಂಥ ಚಳಿಯಲ್ಲೂ ಅಲ್ಲಿ ಮಂಜುಗಡ್ಡೆಯ ಕೆಳಗೆ ನೀರು ಜುಳುಜುಳು ಹರಿಯುತ್ತಿತ್ತು.

ಮೂರು ವರ್ಷದ ಹಿಂದೆ ಅಜ್ಜಿಯ ಎಡಮೊಣಕಾಲು ಕೈಕೊಟ್ಟಿತು. ಅಂದಿನಿಂದ ಏಬಲ್ ಪ್ರತಿ ಶನಿವಾರ ಹಿಮದ ಮೇಲೆ ಓಡುವ ತನ್ನ ಸ್ಕಿಡೂ ಗಾಡಿಯ ಹಿಂದೆ ಜಾರುಬಂಡಿ ಕಟ್ಟಿಕೊಂಡು ಹೋಗಿ ನೀರು ತರುತ್ತಿದ್ದ. ಅಜ್ಜಿ ಕಣ್ಣುಮುಚ್ಚಿ ಒಂದು ಗುಟುಕು ಎಳೆದು, "ಇದು ನೀರು ಕಣೋ. ಉಳಿದದ್ದೆಲ್ಲ ಒದ್ದೆ, ಅಷ್ಟೆ" ಎನ್ನುತ್ತಿದ್ದಳು. ಏಬಲ್ ಲೋಟದೊಳಗೆ ನೋಡುತ್ತ ಸಕ್ಕರೆ ಕಲಕುತ್ತಿದ್ದ.

ಆ ವರ್ಷ ಏಪ್ರಿಲ್‌ನಲ್ಲಿ ದಕ್ಷಿಣದ ವಿಶ್ವವಿದ್ಯಾಲಯದಿಂದ ಡಾಕ್ಟರ್ ಹಿಲರಿ ಟೆನ್ನಂಟ್ ಬಂದಳು. ನೀರಿನ ವಿಜ್ಞಾನಿ, ನಲವತ್ತರ ಆಸುಪಾಸು. ಮಾತು ಮೆತ್ತಗೆ, ನಡತೆ ಅದಕ್ಕಿಂತ ಮೆತ್ತಗೆ. ಅವಳಿಗಿಂತ ಮೊದಲು ಬಂದ ಹೆಚ್ಚಿನ ವಿಜ್ಞಾನಿಗಳು ಊರಿನ ಹಿರಿಯರ ಮಾತನ್ನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಆ ಪಾಪವನ್ನೆಲ್ಲ ತಾನೊಬ್ಬಳೇ ತೊಳೆಯಬೇಕು ಎಂಬಂತೆ ಹಿಲರಿ ಹಿರಿಯರು ಕೆಮ್ಮಿದರೂ ಬರೆದುಕೊಳ್ಳುತ್ತಿದ್ದಳು. ನೆಲದೊಳಗೆ ಹೆಪ್ಪುಗಟ್ಟಿದ ಮಂಜು ಕರಗಿ ಗುಡ್ಡಗಳು ಕುಸಿಯುತ್ತಿವೆ, ಅದರಿಂದ ಹಳ್ಳಕೊಳ್ಳಗಳ ನೀರು ಏನಾಗುತ್ತಿದೆ ಎಂದು ತಿಳಿಯುವುದು ಅವಳ ಕೆಲಸ. ಉಪಕರಣಗಳ ಲೆಕ್ಕವನ್ನೂ ಹಿರಿಯರ ಅರಿವನ್ನೂ ಒಟ್ಟಿಗಿಟ್ಟು ನೋಡುತ್ತೇನೆ ಎಂದು ಅವಳು ಊರ ಮಂಡಳಿಗೆ ಮಾತು ಕೊಟ್ಟಿದ್ದಳು. ಊರಿನ ಕಡೆಯಿಂದ ಅವಳ ಜೊತೆ ಕೆಲಸಕ್ಕಿದ್ದವಳು ಡಾರ್ಕಸ್ ಅಜ್ಜಿಯ ಮೊಮ್ಮಗಳು ನೊರೀನ್. ಮೂವತ್ತೊಂದು ವರ್ಷದ ನೊರೀನ್ ಆರು ಕಡೆ ಹೋಗಿ, ಮಂಜುಗಡ್ಡೆ ಕೊರೆದು, ಬಾಟಲಿಗಳಲ್ಲಿ ನೀರು ತುಂಬಿ, ಒಂದೊಂದಕ್ಕೂ ಸ್ಥಳದ ಹೆಸರು ಬರೆದು ತಂದಿದ್ದಳು.

ಪರೀಕ್ಷೆ ಅಜ್ಜಿಯ ಅಡುಗೆಮನೆಯಲ್ಲೇ ನಡೆಯಿತು. ಮೇಜಿನ ಮೇಲೆ ಆರು ಲೋಟ. ಅವುಗಳ ಮೇಲೆ ಬರೀ ಅಂಕಿ. ಒಂದು ಕುರ್ಚಿಯಲ್ಲಿ ಏಬಲ್. ಅವನನ್ನು ಯಾರೂ ಕರೆದಿರಲಿಲ್ಲ.

ಅಜ್ಜಿ ಮೊದಲ ಎರಡು ಲೋಟಗಳನ್ನು ಆಟದಂತೆ ಹೇಳಿ ಮುಗಿಸಿದಳು. ಮೂರನೆಯದನ್ನು ಬಾಯಿಗಿಟ್ಟವಳೇ ನಕ್ಕಳು. "ಇದನ್ನ ಕೇಳ್ಬೇಕಾ? ನನ್ನ ಸಾರಾ ಹಳ್ಳ. ಇದರಲ್ಲೇ ಅಲ್ವಾ ನಾನು ಬೆಳೆದಿದ್ದು." ನಾಲ್ಕೂ ಸರಿಯಾಯಿತು. ಐದನೆಯದನ್ನು ನಾಲಿಗೆಗೆ ತಾಗಿಸಿದ ಕೂಡಲೇ ಅವಳ ಮುಖ ಹಿಂಡಿದಂತಾಯಿತು. ಎದ್ದು ಹೋಗಿ ತೊಟ್ಟಿಗೆ ಉಗುಳಿ ಬಂದಳು. "ಯಾವ ಚರಂಡಿದು ಇದು? ತುಕ್ಕು ಹಿಡಿದ ಮೊಳೆ ಚೀಪಿದ ಹಾಗಿದೆ. ಫೆರಿ ದೋಣಿ ದಾರಿ ಪಕ್ಕದ ಕೆರೆ ಇರ್ಬೇಕು. ನಾಯಿಗೂ ಹಾಕ್ಬೇಡಿ." ಆರನೆಯದೂ ಸರಿ.

ಹಿಲರಿ ತನ್ನ ಪಟ್ಟಿ ನೋಡಿದಳು. ಮೂರನೆಯದರ ಮುಂದೆ ಫೆರಿ ದಾರಿಯ ಕೆರೆ ಎಂದಿತ್ತು. ಐದನೆಯದರ ಮುಂದೆ ಸಾರಾ ಹಳ್ಳ. ಅವಳು ಕನ್ನಡಕ ತೆಗೆದು ಒರೆಸಿಕೊಂಡು, ನೊರೀನಳನ್ನು ಬಾಗಿಲ ಹತ್ತಿರ ಕರೆದಳು. ಬಾಗಿಲಿಗೂ ಮೇಜಿಗೂ ನಾಲ್ಕೇ ಹೆಜ್ಜೆ. ಎಲ್ಲರಿಗೂ ಎಲ್ಲವೂ ಕೇಳಿಸಿತು.

"ನೊರೀನ್, ಬೇಜಾರು ಮಾಡ್ಕೋಬೇಡಿ. ಬಾಟಲಿ ಎರಡು ಅದಲು ಬದಲಾಗಿದೆ ಅನ್ಸುತ್ತೆ. ಇಂಥ ಚಳೀಲಿ ಯಾರಿಗಾದ್ರೂ ಆಗುತ್ತೆ."

"ಇಲ್ಲ, ನಾನೇ ತುಂಬಿದ್ದು. ಅಲ್ಲೇ ನಿಂತು ಹೆಸರು ಬರ್ದೆ. ಒಂದೇ ದಿನ ತಂದಿದ್ದೂ ಅಲ್ಲ ಅವೆರಡನ್ನ."

"ಇರ್ಬಹುದು. ಆದ್ರೆ ಎಪ್ಪತ್ತು ವರ್ಷದ ಅರಿವು ಒಂದು ಕಡೆ, ಒಂದು ಚೀಟಿ ಒಂದು ಕಡೆ. ನಾನು ಚೀಟಿ ನಂಬೋಕಾಗುತ್ತಾ?"

ನೊರೀನ್ ಅಜ್ಜಿಯ ಕಡೆ ತಿರುಗಿದಳು. ಅಜ್ಜಿ ಆಗ ಮೊಮ್ಮಗಳ ಪರವಾಗಿ ಒಂದು ಮಾತು ಹೇಳಬಹುದಿತ್ತು. ಆದರೆ ದೂರದಿಂದ ಬಂದ ಡಾಕ್ಟರು ಕಾಗದಕ್ಕಿಂತ ತನ್ನ ನಾಲಿಗೆ ದೊಡ್ಡದೆಂದು ತನ್ನದೇ ಅಡುಗೆಮನೆಯಲ್ಲಿ ನಿಂತು ಹೇಳುತ್ತಿದ್ದಾಳೆ. ಆ ಸುಖವನ್ನು ಬಿಟ್ಟುಕೊಡುವುದು ಅವಳಿಗಾಗಲಿಲ್ಲ. "ಚಿಕ್ಕಂದಿನಿಂದ್ಲೂ ಇವಳು ಎಡಗಾಲಿನ ಬೂಟು ಬಲಗಾಲಿಗೆ ಹಾಕ್ಕೊಳ್ತಿದ್ಲು" ಎಂದುಬಿಟ್ಟಳು. ಹಿಲರಿ ನಕ್ಕಳು. ನೊರೀನ್ ಲೋಟಗಳನ್ನು ತೊಳೆದಿಟ್ಟು, ಮೇಲಂಗಿ ಹಾಕಿಕೊಂಡು ಹೊರಟುಹೋದಳು. ಹಿಲರಿ ಪುಸ್ತಕದಲ್ಲಿ ಎರಡು ಹೆಸರುಗಳನ್ನು ಹೊಡೆದು ಅದಲುಬದಲು ಮಾಡಿ ಬರೆದುಕೊಂಡಳು.

ಮರುದಿನ ನೊರೀನ್ ಬರಲಿಲ್ಲ. ಅದರ ಮರುದಿನವೂ ಇಲ್ಲ. ಶನಿವಾರ ಏಬಲ್ ನೀರು ತಂದು ಒಲೆಯ ಪಕ್ಕ ಇಟ್ಟು, ಟೋಪಿ ತೆಗೆಯದೆಯೇ ಕುಳಿತ.

"ಅತ್ತಿಗೆ, ಹುಡುಗಿ ತಪ್ಪಿಲ್ಲ."

"ಯಾವುದರಲ್ಲಿ?"

"ಚೀಟಿ ಸರಿಯಾಗೇ ಇತ್ತು. ಮೂರನೇದು ಫೆರಿ ದಾರಿ ಕೆರೇನೇ."

"ನಿಂಗೇನೋ ಗೊತ್ತು? ಅದು ನಾನು ದಿನಾ ಕುಡಿಯೋ ನೀರು."

"ಅದಕ್ಕೇ ಹೇಳ್ತಿರೋದು. ನೀವು ದಿನಾ ಕುಡಿಯೋದು ಅದೇ."

ಅಜ್ಜಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಏಬಲ್ ನೆಲ ನೋಡುತ್ತ ಎಲ್ಲವನ್ನೂ ಹೇಳಿ ಮುಗಿಸಿದ. ಎರಡು ವರ್ಷದ ಹಿಂದೆ ಮೊದಲ ಹಿಮ ಬೀಳುವ ಹೊತ್ತಿಗೆ ಅವನು ಸಾರಾ ಹಳ್ಳಕ್ಕೆ ಹೋದಾಗ ಹಳೆಯ ದಾರಿಯೇ ಇರಲಿಲ್ಲ. ಗುಡ್ಡದ ಪಕ್ಕೆ ಕುಸಿದು ಕೂತಿತ್ತು. ಬರಿಗೈಯಲ್ಲಿ ಹೇಗೆ ಮರಳುವುದೆಂದು ದಾರಿಯಲ್ಲಿ ಸಿಕ್ಕ ಆ ಫೆರಿ ದಾರಿಯ ಕೆರೆಯಿಂದ ತುಂಬಿಕೊಂಡು ಬಂದ. ಮನೆಗೆ ಬಂದ ಕೂಡಲೇ ಹೇಳಬೇಕೆಂದೇ ಇದ್ದ.

"ನೀವು ಒಂದು ಗುಟುಕು ಕುಡಿದು, ನನ್ನ ಅಜ್ಜಿ ಕೈಲಿ ಕುಡಿದ ಹಾಗಾಯ್ತು ಅಂದ್ರಿ. ಕಣ್ಣಲ್ಲಿ ನೀರು ಬೇರೆ. ಆಮೇಲೆ ಹ್ಯಾಗೆ ಹೇಳ್ಲಿ?"

"ಎರಡು ವರ್ಷ. ವಾರಕ್ಕೊಂದು ಸಲ."

"ಚೆನ್ನಾಗೇ ಇತ್ತಲ್ಲ ಅತ್ತಿಗೆ."

ಅಜ್ಜಿ ಕೈಗೆ ಸಿಕ್ಕ ಒರೆಸುವ ಬಟ್ಟೆಯನ್ನು ಅವನ ಮುಖಕ್ಕೆ ಎಸೆದಳು. ಅವನು ಅದನ್ನು ಮಡಿಸಿ ಮೊಣಕಾಲ ಮೇಲೆ ಇಟ್ಟುಕೊಂಡ. ಬೈಗುಳ ಬರಲಿಲ್ಲವಲ್ಲ ಎಂದು ಅವನಿಗೆ ಭಯವಾಯಿತು.

ಆ ಮಧ್ಯಾಹ್ನ ಅಜ್ಜಿ ಕೋಲೂರಿಕೊಂಡು ನೊರೀನಳ ಮನೆಗೆ ಹೋದಳು. ಕ್ಷಮೆ ಕೇಳುವುದು ಅವಳಿಗೆ ಅಭ್ಯಾಸವಿರಲಿಲ್ಲ. ಬಾಗಿಲಲ್ಲೇ ನಿಂತು, "ನನ್ನನ್ನ ಸಾರಾ ಹಳ್ಳಕ್ಕೆ ಕರ್ಕೊಂಡು ಹೋಗು" ಎಂದಳು.

"ಮೊಣಕಾಲು, ಜಿಜೂ?" ಅಜ್ಜಿಯನ್ನು ಅವರ ಕಡೆ ಹಾಗೆಯೇ ಕರೆಯುವುದು.

"ಮೊಣಕಾಲು ನನ್ನ ಜೊತೇಲೇ ಬರುತ್ತೆ. ಬಿಟ್ಟು ಬರೋಕಾಗುತ್ತಾ?"

ಜಾರುಬಂಡಿಯಲ್ಲಿ ಕ್ಯಾರಿಬೂ ಜಿಂಕೆಯ ಚರ್ಮ ಹಾಸಿ, ಅಜ್ಜಿಯನ್ನು ಸುತ್ತಿ ಕಟ್ಟಿ, ನೊರೀನ್ ಸ್ಕಿಡೂ ಓಡಿಸಿದಳು. ಕುಸಿದ ಜಾಗ ಬಿಟ್ಟು ಸುತ್ತಿ ಬಳಸಿ ಒಂದು ಗಂಟೆಯ ದಾರಿ. ಕೊನೆಯ ತಿರುವಿನಲ್ಲಿ ಅಜ್ಜಿ ಕತ್ತು ಚಾಚಿ ನೋಡಿದಳು. ಬಿಡಾರವಿದ್ದ ಜಾಗದ ಹಿಂದಿನ ಗುಡ್ಡ ಅರ್ಧ ಇರಲಿಲ್ಲ. ಯಾರೋ ದೊಡ್ಡ ಚಮಚದಲ್ಲಿ ತೋಡಿ ತೆಗೆದಂತೆ ಕಪ್ಪು ಮಣ್ಣು ಬಾಯ್ದೆರೆದಿತ್ತು. ಸ್ಪ್ರೂಸ್ ಮರಗಳು ತಲೆಕೆಳಗಾಗಿ ಹಿಮದಲ್ಲಿ ಹೂತಿದ್ದವು. ಹಳ್ಳ ಹರಿಯುತ್ತಲೇ ಇತ್ತು, ಆದರೆ ಅದರ ಮೇಲಿನ ಮಂಜುಗಡ್ಡೆ ಕಡು ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಇದನ್ನು ಅಜ್ಜಿಯೆದುರು ಹೇಳಲು ನೊರೀನಳಿಗೆ ಪರೀಕ್ಷೆಯ ದಿನ ಮನಸ್ಸಾಗಿರಲಿಲ್ಲ.

ನೊರೀನ್ ತಾನು ಮೊದಲು ಕೊರೆದಿದ್ದ ರಂಧ್ರದಲ್ಲಿ ತೆಳುವಾಗಿ ಕಟ್ಟಿದ್ದ ಮಂಜನ್ನು ಒಡೆದು ಲೋಟ ಅದ್ದಿ ಕೊಟ್ಟಳು. ಅಜ್ಜಿ ಬಾಯಿಗೆ ಹಾಕಿಕೊಂಡಳು. ತುಕ್ಕು ಹಿಡಿದ ಮೊಳೆ. ಈ ಸಲ ಉಗುಳಲಿಲ್ಲ; ನುಂಗಿದಳು.

"ಉಗಿ ಜಿಜೂ, ಒಳ್ಳೇದಲ್ಲ."

"ನಾಯಿಗೂ ಹಾಕ್ಬೇಡಿ ಅಂದ್ನಲ್ಲೇ. ಸಾರಾ ಹಳ್ಳದ ನೀರನ್ನ." ಲೋಟ ವಾಪಸು ಕೊಟ್ಟು ಮತ್ತೆ ಹೇಳಿದಳು, "ಬೂಟು ನೀನು ಯಾವತ್ತೂ ಸರಿಯಾಗೇ ಹಾಕ್ಕೊಳ್ತಿದ್ದೆ. ನಿಮ್ಮಪ್ಪ ಅದು."

ನೊರೀನ್ ಅಜ್ಜಿಯ ಭುಜದ ಮೇಲಿನ ಹಿಮ ಕೊಡವಿದಳು. ಕ್ಷಮೆಯ ವಿಷಯ ಅಲ್ಲಿಗೆ ಮುಗಿಯಿತು.

ಆದರೆ ಹಿಲರಿಯ ಹತ್ತಿರ ಅಷ್ಟು ಸುಲಭಕ್ಕೆ ಮುಗಿಯಲಿಲ್ಲ. ಸೋಮವಾರ ಅಜ್ಜಿ ಹೋಗಿ, "ಡಾಕ್ಟ್ರಮ್ಮ, ನಾನು ತಪ್ಪು ಹೇಳ್ದೆ, ಬರ್ಕೊಳ್ಳಿ" ಎಂದಳು.

ಹಿಲರಿ ಎದ್ದು ಕುರ್ಚಿ ಕೊಟ್ಟಳು. "ಹಾಗೆಲ್ಲ ಅನ್ಬೇಡಿ. ನಿಮ್ಮ ಅರಿವನ್ನ ತಪ್ಪು ಅಂತ ಬರೆಯೋಕೆ ನಾನ್ಯಾರು?"

"ನೀವಲ್ಲ, ನಾನೇ ಹೇಳ್ತಿದ್ದೀನಿ."

"ಅದು ನಿಮ್ಮ ದೊಡ್ಡಗುಣ."

ಅಜ್ಜಿ ಏಬಲ್‌ನ ಕಥೆ ಹೇಳಿದಳು. ಮೈದುನ ಅತ್ತಿಗೆಯ ಮೇಲಿಟ್ಟ ಪ್ರೀತಿ ಕೇಳಿ ಹಿಲರಿಯ ಕಣ್ಣು ಒದ್ದೆಯಾಯಿತು. ಅದನ್ನು ಬೇರೆ ಹಾಳೆಯಲ್ಲಿ ಬರೆದುಕೊಂಡಳು. ನಂತರ ತನ್ನ ನಮೂನೆ ತೆಗೆದು ತೋರಿಸಿದಳು. ಹಿರಿಯರ ಅರಿವು ಎಂಬ ತಲೆಬರಹದ ಕೆಳಗೆ ಮೂರು ಕಾಲಂಗಳಿದ್ದವು: ಉಪಕರಣವನ್ನು ಸಮರ್ಥಿಸುತ್ತದೆ, ಉಪಕರಣಕ್ಕೆ ಪೂರಕವಾಗಿದೆ, ಉಪಕರಣಕ್ಕಿಂತ ಆಳವಾಗಿದೆ.

"ಇದರಲ್ಲಿ ಎಲ್ಲಿ ಹಾಕ್ಲಿ ಹೇಳಿ. ಜಾಗಾನೇ ಇಲ್ಲ."

"ಹಾಗಾದ್ರೆ ನಾನು ಸಾಯೋವರೆಗೂ ಸರೀನೇ?"

ಅದು ತಮಾಷೆಯೋ ನೋವೋ ತಿಳಿಯದೆ ಹಿಲರಿ ತಲೆಯಾಡಿಸಿದಳು.

ಗುರುವಾರ ಊರ ಸಭಾಭವನದಲ್ಲಿ ಹಿಲರಿ ತನ್ನ ಕೆಲಸದ ವರದಿ ಒಪ್ಪಿಸಿದಳು. ರೊಟ್ಟಿ, ಮೀನಿನ ಸಾರು, ಚಹ ಎಲ್ಲ ಇತ್ತು, ಜನವೂ ಸೇರಿದ್ದರು. ಗೋಡೆಯ ಮೇಲೆ ನಕ್ಷೆ ಬಿತ್ತು. ಸಾರಾ ಹಳ್ಳ ನೀಲಿ ಚುಕ್ಕೆ, ಚೊಕ್ಕ ನೀರು. ಫೆರಿ ದಾರಿಯ ಕೆರೆ ಕೆಂಪು ಚುಕ್ಕೆ, ಕೆಟ್ಟ ನೀರು. "ಡಾರ್ಕಸ್ ಅವರು ಆರಕ್ಕೆ ಆರೂ ಸರಿಯಾಗಿ ಗುರುತಿಸಿದ್ರು" ಎಂದು ಹಿಲರಿ ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಸಾಲಿನ ಕೊನೆಯಲ್ಲಿ ನಿಂತಿದ್ದ ನೊರೀನ್ ಮಾತ್ರ ತಟ್ಟಲಿಲ್ಲ.

ಅಜ್ಜಿ ಕೋಲೂರಿ ಎದ್ದಳು.

"ನಾಲ್ಕು" ಎಂದಳು. "ಆರರಲ್ಲಿ ನಾಲ್ಕು. ಎರಡು ತಪ್ಪು. ಅದರಲ್ಲೊಂದು ನನ್ನ ಸ್ವಂತ ಹಳ್ಳ."

ಸಭೆ ನಕ್ಕಿತು. ಹಿಲರಿ ಕೈಯಿಂದ ಎದೆ ಮುಟ್ಟಿಕೊಂಡು, "ಎಂಥ ವಿನಯ ನೋಡಿ" ಎಂದಳು. ಮತ್ತೆ ಚಪ್ಪಾಳೆ. ಡಾರ್ಕಸ್ ಅಜ್ಜಿಗೆ ವಿನಯವಿದೆ ಎಂದು ಊರಿನಲ್ಲಿ ಯಾರೂ ಅಲ್ಲಿಯವರೆಗೆ ಹೇಳಿರಲಿಲ್ಲ. ಅವಳಿಗೆ ಕೆಂಡದಂಥ ಕೋಪ ಬಂತು.

"ಏಬಲ್, ಏಳೋ ಮೇಲೆ. ನೀರು ಎಲ್ಲಿಂದ ತಂದೆ ಹೇಳು ಇವರಿಗೆ."

ಏಬಲ್ ಎದ್ದು, ಟೋಪಿ ಹಿಂಡುತ್ತ, ಎರಡು ವರ್ಷ ಎಲ್ಲಿಂದ ತಂದನೆಂದು ಹೇಳಿದ. ಈ ಸಲ ನಗು ನಿಂತು ನಿಂತು ಬಂತು. ಅದು ಅಡಗಿದ ಮೇಲೆ ಅಜ್ಜಿ ಹಿಲರಿಯ ಕಡೆಗೇ ತಿರುಗಿ ಮಾತಾಡಿದಳು.

"ಡಾಕ್ಟ್ರಮ್ಮ, ಸಾರಾ ಹಳ್ಳದ ನೀರು ಹ್ಯಾಗಿತ್ತು ಅಂತ ನಂಗೆ ಚೆನ್ನಾಗಿ ಗೊತ್ತು. ಅದು ನನ್ನ ಅರಿವು, ಅದನ್ನ ಯಾರೂ ಕಿತ್ಕೊಳ್ಳೋಕಾಗಲ್ಲ. ಈಗ ಅದು ಹಾಗಿಲ್ಲ. ಹಾಗಿಲ್ಲ ಅಂತಾನೇ ನಂಗೆ ಗುರುತು ಸಿಗ್ಲಿಲ್ಲ. ನನ್ನ ಮರ್ಯಾದೆ ಕಾಪಾಡೋಕೆ ಅಂತ ನೀವು ಅಲ್ಲಿ ನೀಲಿ ಚುಕ್ಕೆ ಇಟ್ಟಿದ್ದೀರಿ. ನಾಳೆ ಯಾರದಾದ್ರೂ ಮಕ್ಕಳು ಆ ಚುಕ್ಕೆ ನೋಡ್ಕೊಂಡು ಹೋಗಿ ಆ ನೀರು ಕುಡಿದ್ರೆ, ನನ್ನ ಮರ್ಯಾದೆ ತಗೊಂಡು ಏನು ಮಾಡ್ಲಿ? ನಾನು ತಪ್ಪಿದ್ದೀನಿ ಅಂತ ಬರೀಲಿಲ್ಲ ಅಂದ್ರೆ, ನೀರು ಕೆಟ್ಟಿದೆ ಅಂತ ಎಲ್ಲಿ ಬರೀತೀರಿ?"

ಹಿಲರಿ ಗೋಡೆಯ ಮೇಲಿನ ನಕ್ಷೆಯನ್ನು ಬಹಳ ಹೊತ್ತು ನೋಡಿದಳು. ಮುಖ ಕೆಂಪಾಗಿತ್ತು. ಐದನೆಯ ಬಾಟಲಿಯ ನೀರನ್ನು ಉಪಕರಣಕ್ಕೆ ಹಾಕಿದಾಗ ಬಂದಿದ್ದ ಲೆಕ್ಕ ಕೆರೆಯ ನೀರಿಗೆ ಹೊಂದುವುದಿಲ್ಲ ಎಂದು ಅವಳಿಗೆ ಆಗಲೇ ಅನಿಸಿತ್ತು. ಆದರೆ ಹಿರಿಯರ ಮಾತಿನ ಮುಂದೆ ಉಪಕರಣವನ್ನು ಎತ್ತಿಹಿಡಿಯಲು ಅವಳ ಮನಸ್ಸು ಒಪ್ಪಿರಲಿಲ್ಲ. ಈಗ ಸಾಲಿನ ಕೊನೆಗೆ ನಡೆದುಹೋಗಿ, "ನೊರೀನ್, ನಿಮ್ಮ ಮೊದಲ ಪುಸ್ತಕ ಇದೆಯಾ? ಸ್ಥಳದಲ್ಲೇ ಬರೆದದ್ದು?" ಎಂದು ಕೇಳಿದಳು.

"ಇದೆ."

"ನಾನು ನಿಮ್ಮನ್ನ ನಂಬಬೇಕಿತ್ತು."

"ಹೌದು" ಎಂದಳು ನೊರೀನ್. ಅಂಗಿಯ ಜೇಬಿನಿಂದ ಪುಸ್ತಕ ತೆಗೆದು ಕೊಟ್ಟಳು.

ಜನ ಏಳುವ ಹೊತ್ತಿಗೆ ಮುದುಕ ಫ್ರಾನ್ಸಿಸ್, ಊರಿನ ಹಳೆಯ ಬಲೆಗಾರ, ಹಿಲರಿಯ ಹತ್ತಿರ ಬಂದು ಗಂಟಲು ಸರಿಮಾಡಿಕೊಂಡ. ಹೋದ ವರ್ಷ ಬಂದ ವಿಜ್ಞಾನಿಗಳಿಗೆ ನನ್ನ ಕೆರೆಯ ಮೀನಿನ ಬಗ್ಗೆ ಎರಡು ಗಂಟೆ ಮಾತಾಡಿದ್ದೆ, ನಿಜ ಹೇಳಬೇಕೆಂದರೆ ಆ ಕೆರೆಗೆ ಹೋಗಿ ಎಂಟು ವರ್ಷವಾಯಿತು ಎಂದ. ಅವನ ಹಿಂದೆ ಇನ್ನೂ ಇಬ್ಬರು ನಿಂತಿದ್ದರು. ಅವರು ಏನು ಒಪ್ಪಿಕೊಳ್ಳಲು ಬಂದರೆಂದು ಅಜ್ಜಿಗೆ ಕೇಳಿಸಲಿಲ್ಲ. ಅವಳು ರೊಟ್ಟಿ ಉಳಿದಿದೆಯೇ ಎಂದು ನೋಡಲು ಹೋಗಿದ್ದಳು.

ಜೂನ್‌ನಲ್ಲಿ ಹಿಲರಿ ಫೋನು ಮಾಡಿದಳು. ವರದಿಯಲ್ಲಿ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಬರೆದಿದ್ದಳಂತೆ. ಆದರೆ ಪರಿಶೀಲಿಸುವ ಸಮಿತಿಯವರು, ಹಿರಿಯರೊಬ್ಬರು ತಪ್ಪಿದರು ಎಂಬ ವಾಕ್ಯ ಹಿರಿಯರಿಗೆ ಅಗೌರವ, ತೆಗೆಯಿರಿ ಎಂದು ವಾಪಸು ಕಳಿಸಿದ್ದರು.

"ಆ ಸಮಿತೀಲಿ ಹಿರಿಯರು ಯಾರಿದ್ದಾರೆ?" ಅಜ್ಜಿ ಕೇಳಿದಳು.

"ಯಾರೂ ಇಲ್ಲ."

"ಹಾಗಾದ್ರೆ ನನ್ನ ಹೆಸರು ಹಾಕಿ. ಹಿರಿಯರೊಬ್ಬರು ಅಂತ ಯಾಕೆ? ಡಾರ್ಕಸ್ ಇಟ್ಸಿ ತಪ್ಪಿದಳು ಅಂತ ಬರೀರಿ. ಅಗೌರವ ನಂಗೆ ತಾನೇ, ನಾನು ನೋಡ್ಕೋತೀನಿ."

ವರದಿ ಶರತ್ಕಾಲದಲ್ಲಿ ಅಂಚೆಯಲ್ಲಿ ಬಂತು. ನೂರ ನಲವತ್ತು ಪುಟ. ಮುಖಪುಟದ ಮೇಲೆ ನಗುತ್ತಿರುವ ಅಜ್ಜಿಯ ದೊಡ್ಡ ಚಿತ್ರ, ಕೈಯಲ್ಲಿ ಲೋಟ. ತಪ್ಪಿನ ವಿಷಯ ತೊಂಬತ್ತೊಂದನೆಯ ಪುಟದ ಅಡಿಯಲ್ಲಿ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿತ್ತು. ನೊರೀನ್ ಕಿಟಕಿಯ ಬೆಳಕಿಗೆ ಹಿಡಿದು ಓದಿದಳು. ಅಜ್ಜಿ ಇನ್ನೊಮ್ಮೆ ಓದಿಸಿದಳು. ಏಬಲ್ ಮೇಜಿನ ಆ ಕಡೆಯಿಂದ ಬಗ್ಗಿ, ತನ್ನ ಹೆಸರೂ ಇದೆಯೇ ಎಂದು ವಿಚಾರಿಸಿದ.

"ಇಲ್ಲ ಚಿಕ್ಕತಾತ. ಅಜ್ಞಾತ ಮೂಲದಿಂದ ತಂದ ನೀರು ಅಂತ ಇದೆ."

"ಅಜ್ಞಾತ?" ಎಂದ ಏಬಲ್. "ಎರಡು ವರ್ಷ ನಾನೇ ಹೊತ್ತಿದ್ದೀನಿ."