ಏಪ್ರಿಲ್‌ಗೆಂದು ಉಳಿಸಿದ್ದು

ಅಡುಗೆಗೆ ಅಳೆದ ಅಕ್ಕಿಯಿಂದ ಒಂದು ಹಿಡಿ ಮೊದಲೇ ತೆಗೆದಿಡುವುದು ದಯಾವತಿ ಸಿಸ್ಟರ್ ಮನೆಯ ರೂಢಿ. ಚರ್ಚಿನ ಬಡವರಿಗೆಂದು ಅವರ ತಾಯಿ ಕಲಿಸಿದ್ದು. ಅವರು ನರ್ಸ್ ಆಗಿರುವ ಹಳೇ ಹುಬ್ಬಳ್ಳಿಯ ನಮ್ಮ ಆರೋಗ್ಯ ಕೇಂದ್ರದ ಖರ್ಚನ್ನೂ ಅದೇ ಕೈ ನೋಡಿಕೊಳ್ಳುತ್ತಿತ್ತು. ಸಣ್ಣಪುಟ್ಟ ಖರ್ಚಿಗೆಂದು ಬರುವ ಅನುದಾನದಲ್ಲಿ ಪ್ರತಿವರ್ಷ ಒಂದಿಷ್ಟನ್ನು ಸಿಸ್ಟರ್ ಮುಟ್ಟುತ್ತಲೇ ಇರಲಿಲ್ಲ. ಔಷಧಿ ಕೊಡುವ ಕಿಟಕಿಯಲ್ಲಿ ಬೆವರುತ್ತ ಕೂಡುವ ನಾನು, ದತ್ತು, ಒಂದು ಫ್ಯಾನು ಕೇಳಿ ಕೇಳಿ ಸೋತವನು.

"ಫ್ಯಾನ್ ಇಲ್ಲಂತ ಯಾರೂ ಸತ್ತಿಲ್ಲೋ ದತ್ತು" ಎನ್ನುತ್ತಿದ್ದರು.

ಆ ಉಳಿಕೆ ಏಪ್ರಿಲ್‌ಗೆ. ಹೊಸ ಹಣಕಾಸು ವರ್ಷದ ಇನ್ಸುಲಿನ್ ಆಗಲಿ ಅನುದಾನವಾಗಲಿ ಮೇಲಿನಿಂದ ಬರುವಷ್ಟರಲ್ಲಿ ಮಳೆಗಾಲ ಹಿಡಿದಿರುತ್ತಿತ್ತು. ಅಲ್ಲಿಯವರೆಗೆ ಉಳಿಸಿದ್ದರಲ್ಲಿ ಕೊಂಡು ತಂದು, ಸಕ್ಕರೆ ಕಾಯಿಲೆಯ ಬಡವರನ್ನು ಹೇಗೋ ದಾಟಿಸುತ್ತಿದ್ದೆವು. ಖಾನಾವಳಿಗಳಿಗೆ ರೊಟ್ಟಿ ಬಡಿದುಕೊಡುವ ಶಿವಬಸವ್ವ ಅವರಲ್ಲೊಬ್ಬಳು.

ಕಳೆದ ವರ್ಷ ಹಣಕಾಸಿನ ಸುಧಾರಣೆ ಬಂತು. ಮಾರ್ಚ್ ಮುಗಿಯುವುದರೊಳಗೆ ಖರ್ಚಾಗದ್ದೆಲ್ಲ ಖಜಾನೆಗೆ ವಾಪಸ್. ಸುತ್ತೋಲೆಯನ್ನು ಇಬ್ಬರೂ ಓದಿದ್ದೆವು. ಅದು ಕೆಲಸ ಮಾಡದೆ ಹಣ ಕೊಳೆಹಾಕುವ ಕಚೇರಿಗಳಿಗೆ ಹೇಳಿದ್ದೆಂದು ಸಿಸ್ಟರ್ ನಂಬಿದರು. ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿದ್ದನ್ನು ಯಾರಾದರೂ ಕಸಿಯುತ್ತಾರೆಂದು ನನಗೂ ಅನ್ನಿಸಲಿಲ್ಲ. ಏಪ್ರಿಲ್ ಬಂದಾಗ ಖಾತೆ ಖಾಲಿ.

ಸಿಸ್ಟರ್ ಮೇಲಿನ ಕಚೇರಿಗೆ ಓಡಿದರು. ಅಲ್ಲಿಯ ಅಧಿಕಾರಿ ಮರ್ಯಾದಸ್ಥ. ಚಹಾ ಕುಡಿಸಿಯೇ ಮಾತಾಡಿದ.

"ಖರ್ಚ ಮಾಡಿಲ್ಲಂದ್ರ ನಿಮಗ ಬೇಕಾಗಿಲ್ಲಂತ ಅರ್ಥರಿ ಸಿಸ್ಟರ್. ಈ ವರ್ಷ ನಿಮ್ಮ ಅನುದಾನನೂ ಕಡಿಮಿ ಆಗೇದ."

ತಿರುಗಿ ಬಂದು ಇದನ್ನವರು ಹೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಸಿಸ್ಟರ್ ಮಾತ್ರ ಯಾರನ್ನೂ ಬೈಯಲಿಲ್ಲ. ತಮ್ಮ ಸಂಬಳದಲ್ಲಿ ಒಂದಿಷ್ಟು ಬಾಟ್ಲಿ ತರಿಸಿ ಹಂಚಿದರು. ಅದೆಷ್ಟು ದಿನ ಬಂದೀತು? ಮುಂದಿನದಕ್ಕೆ ದೊಡ್ಡಾಸ್ಪತ್ರೆಗೆ ಹೋಗಿರೆಂದು ಎಲ್ಲರಿಗೂ ಹೇಳಿದೆವು.

ಶಿವಬಸವ್ವ ಹೋಗಲಿಲ್ಲ. ಅಲ್ಲಿಯ ಉದ್ದ ಸಾಲಿನಲ್ಲಿ ಪಾಳಿ ಹಚ್ಚಿ ನಿಂತರೆ ಅಂದಿನ ರೊಟ್ಟಿ ತಪ್ಪುತ್ತದೆ. ರೊಟ್ಟಿ ತಪ್ಪಿದರೆ ಖಾನಾವಳಿಯವನು ಬೇರೊಬ್ಬಳನ್ನು ಹಿಡಿಯುತ್ತಾನೆ. ಸಿಸ್ಟರ್ ಕೊಟ್ಟ ಬಾಟ್ಲಿಯನ್ನೇ ಅರ್ಧರ್ಧ ಚುಚ್ಚಿಕೊಂಡು ದಿನ ನೂಕಿದಳು. ಸಕ್ಕರೆ ಏರಿ ಪಾದ ಜೋಮು ಹಿಡಿದಿತ್ತು. ಒಲೆಯ ಕೆಂಡ ಅದರ ಮೇಲೆ ಬಿದ್ದದ್ದು ಆಕೆಗೆ ತಿಳಿಯಲೇ ಇಲ್ಲ. ನಮ್ಮಲ್ಲಿಗೆ ಬಂದಾಗ ಪಾದ ಕಪ್ಪಾಗಿತ್ತು. ಸಿಸ್ಟರ್ ಕೆಳಗೆ ಕೂತು ಸುತ್ತಿದ್ದ ಬಟ್ಟೆ ಬಿಚ್ಚಿದರು.

"ಯಾಕವ್ವಾ, ನನಗೊಂದು ಮಾತು ಹೇಳಬಾರ್ದಿತ್ತ?"

"ನೀವು ನಿಮ್ಮ ಪಗಾರದಾಗ ತಂದುಕೊಡಾಕತ್ತೀರಿ ಅಂತ ಗೊತ್ತಾತ್ರಿ. ಮತ್ತ ಯಾವ ಬಾಯಿಲೆ ಕೇಳ್ಲಿ?"

ದೊಡ್ಡಾಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕಾಲು ತೆಗೆದರು.

ಈ ವರ್ಷ ಮಾರ್ಚ್‌ನಲ್ಲಿ ಸಿಸ್ಟರ್ ಬೇಸಿಗೆಯ ಇನ್ಸುಲಿನ್ನನ್ನು ಮೊದಲೇ ಕೊಂಡಿಡಲು ಅನುಮತಿ ಕೇಳಿದರು. ಈ ವರ್ಷದ ಹಣದಲ್ಲಿ ಬರುವ ವರ್ಷದ ಔಷಧಿ ಕೊಳ್ಳುವಂತಿಲ್ಲ ಎಂಬ ಉತ್ತರ ಬಂತು. ಪೀಠೋಪಕರಣಕ್ಕಾದರೆ ಅಡ್ಡಿಯಿಲ್ಲವಂತೆ. ಖರ್ಚು ಮಾಡದೆ ಬಿಟ್ಟರೆ ಆ ಹಣವೂ ಹೋಗುತ್ತದೆ, ಮುಂದಿನ ಅನುದಾನವೂ ಇಳಿಯುತ್ತದೆ. ಜನ್ಮದಲ್ಲಿ ಮೊದಲ ಸಲ ಸಿಸ್ಟರ್ ಕೈ ಬರಿದು ಮಾಡಿಕೊಂಡರು. ಸ್ಟೀಲಿನ ಖುರ್ಚಿಗಳು ಬಂದವು. ಪೂರ್ತಿ ಖರ್ಚು ಮಾಡಿದ್ದಕ್ಕೆ ಮೇಲಿನ ಕಚೇರಿಯಿಂದ ಶಹಬ್ಬಾಸ್‌ಗಿರಿಯೂ ಬಂತು.

ಏಪ್ರಿಲ್‌ನಲ್ಲಿ ಶಿವಬಸವ್ವ ಊರುಗೋಲು ಹಿಡಿದು ಬಂದಳು. ಇನ್ಸುಲಿನ್ ಬಂದಿಲ್ಲವೆಂದು ನಾನು ಕಿಟಕಿಯಿಂದಲೇ ಕೈಯಾಡಿಸಿದೆ. ಸಿಸ್ಟರ್ ಎದ್ದು ಹೋಗಿ, ತೋಳು ಹಿಡಿದು ಆಕೆಯನ್ನು ಹೊಸ ಖುರ್ಚಿಯಲ್ಲಿ ಕೂಡಿಸಿದರು. ಶಿವಬಸವ್ವ ಅದರ ನುಣುಪಾದ ಕೈಯನ್ನು ಸವರಿ ನೋಡಿದಳು.

"ಛಲೋ ಮಾಡೀರಿ ಸಿಸ್ಟರ್. ಮೊದ್ಲ ಇಲ್ಲಿ ಪಾಳ್ಯಾಗ ನಿಂತು ನಿಂತು ಕಾಲು ಭಾಳ ನೋಯ್ತಿದ್ದುವು."