ಅಡತಿ ಮನೆಯ ಉಡಿ

ಓದುವವರಿಗೆ ದುಡ್ಡು ಕೊಡುವವರು ಬೇಕಾದಷ್ಟು ಜನ ಇದ್ದಾರೆ, ಕೇಳುವುದಕ್ಕೆ ಬರಬೇಕಷ್ಟೆ ಎಂದು ಅರುಣಾಳ ಮಾರ್ಗದರ್ಶಕರಾದ ಸಿದ್ದಲಿಂಗಪ್ಪ ಸರ್ ಹೇಳುತ್ತಿದ್ದರು. ಇದ್ದರೂ ಇರಬಹುದು. ಅರುಣಾ ಹೋಗಿ ಕೇಳುವ ಹೊತ್ತಿಗೆ ಮಾತ್ರ ಅವರೆಲ್ಲ ಆಗಷ್ಟೇ ಬಾಗಿಲು ಹಾಕಿಕೊಂಡಿರುತ್ತಿದ್ದರು.

ಹಾವೇರಿ ಹತ್ತಿರದ ಅಗಡಿಯ ಹುಡುಗಿ. ಎಂ.ಎ. ಮುಗಿಸಿ ಪ್ರಾದೇಶಿಕ ಅಧ್ಯಯನ ವಿಭಾಗದಲ್ಲಿ ಪಿಎಚ್.ಡಿ.ಗೆ ಹೆಸರು ಹಚ್ಚಿದ್ದಳು. ಬ್ಯಾಡಗಿಯ ಗೋದಾಮುಗಳಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರ ಹಾಡುಗಳು, ಇದು ಅವಳ ವಿಷಯ. ನೆಟ್ ಪರೀಕ್ಷೆ ಪಾಸಾದಳು. ಆದರೆ ತಿಂಗಳು ತಿಂಗಳು ಹಣ ಬರುವ ಫೆಲೋಶಿಪ್ ಸ್ವಲ್ಪದರಲ್ಲಿ ಕೈತಪ್ಪಿತು. ವಿಶ್ವವಿದ್ಯಾಲಯದ ಸ್ವಂತ ವಿದ್ಯಾರ್ಥಿವೇತನ ಹಳೆಯ ವಿದ್ಯಾರ್ಥಿಗಳ ಕೈಯಲ್ಲಿತ್ತು. ಅವರು ಪ್ರಬಂಧ ಮುಗಿಸುವ ಲಕ್ಷಣವೇ ಇರಲಿಲ್ಲ, ಮುಗಿಸಿದರೆ ವೇತನ ನಿಲ್ಲುತ್ತದಲ್ಲ, ಯಾಕೆ ಮುಗಿಸಿಯಾರು? ಬೆಂಗಳೂರಿನ ಪ್ರತಿಷ್ಠಾನವೊಂದು ‘ನಿಮ್ಮ ವಿಷಯ ತೀರ ಸ್ಥಳೀಯವಾಯಿತು’ ಎಂದು ಬರೆಯಿತು. ಪ್ರಾದೇಶಿಕ ಅಧ್ಯಯನಕ್ಕೆ ಸ್ಥಳೀಯ ವಿಷಯ ಬೇಡವೆಂದರೆ ಚಂದ್ರಲೋಕದ ಹಾಡು ತರಬೇಕಿತ್ತೇನೋ. ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಅರೆಕಾಲಿಕ ಪಾಠ ಸಿಕ್ಕಿತ್ತು, ಅದರ ಸಂಬಳ ಬಸ್ಸಿಗೇ ಸರಿಹೋಗುತ್ತಿತ್ತು.

ಮನೆಯಲ್ಲೂ ಕಾಲ ಮುಗಿಯುತ್ತ ಬಂದಿತ್ತು. ಅಪ್ಪ ಉಡಚಪ್ಪ ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಪಾಳಿ ಮಾಡಿ ವಾರಕ್ಕೊಮ್ಮೆ ಊರಿಗೆ ಬರುವವನು. ಕೆಟ್ಟವನಲ್ಲ, ಎಂ.ಎ. ತನಕ ಓದಿಸಿದ್ದನಲ್ಲ. ಬರುವ ಯುಗಾದಿಯೊಳಗೆ ಓದಿಗೆ ಒಂದು ದಾರಿ ಆದರೆ ಸರಿ, ಇಲ್ಲದಿದ್ದರೆ ಮೇಡ್ಲೇರಿಯ ಕಡೆಯಿಂದ ಬಂದ ಸಂಬಂಧಕ್ಕೆ ಹೂಂ ಅನ್ನುವುದು ಎಂದಿದ್ದ. ವಿಭಾಗದವರದ್ದೂ ಅದೇ ಗಡುವು: ಯುಗಾದಿಯೊಳಗೆ ಹಾಡುಗಳನ್ನು ಧ್ವನಿಮುದ್ರಿಸಿ ತಂದು ತೋರಿಸಬೇಕು, ಇಲ್ಲವಾದರೆ ಹೆಸರು ತೆಗೆಯುತ್ತಾರೆ. ಇವಳ ಹತ್ತಿರ ಟೇಪ್ ರೆಕಾರ್ಡರೇ ಇರಲಿಲ್ಲ.

ಹಾಡುಗಳಂತೂ ಇದ್ದವು, ದೇವರಾಣೆಗೂ ಇದ್ದವು. ಹಿಂದಿನ ಸುಗ್ಗಿಯಲ್ಲಿ ಹಾವೇರಿಯಿಂದ ದಿನಾ ಬಸ್ಸು ಹಿಡಿದು ಬ್ಯಾಡಗಿಗೆ ಹೋಗಿ, ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಸುವ ಅಡತಿ ವ್ಯಾಪಾರಿ ಗುರುಶಾಂತಪ್ಪನವರ ಗೋದಾಮಿನ ಅಂಗಳದಲ್ಲಿ ಹೆಂಗಸರ ನಡುವೆ ಕೂತು ಕೇಳಿದ್ದಳು. ಕೆಂಪು ರಾಶಿಯ ಸುತ್ತ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕೈಗೆ ಎಣ್ಣೆ ಸವರಿಕೊಂಡು ಕೂರುವ ಹೆಂಗಸರು. ಅವರಲ್ಲಿ ಮೈಲವ್ವ ಹಾಡು ಎತ್ತುವಳು, ಉಳಿದವರು ಹಿಡಿಯುವರು, ನಡುವೆ ಹಾಜಿರಾಬಿ ಆಗಿಂದಾಗ ಒಂದು ಸಾಲು ಹೊಸೆದು ಸೇರಿಸುವಳು. ಸಾಹುಕಾರನ ಹೊಟ್ಟೆ, ಸಾಹುಕಾರನ ತಕ್ಕಡಿ, ಕೂಲಿ ಕೊಡುವ ದಿನ ಅವನಿಗೆ ತಪ್ಪದೆ ಬರುವ ತಲೆನೋವು, ಎಲ್ಲವೂ ಹಾಡಿನಲ್ಲಿ ಬರುತ್ತಿತ್ತು. ನಗುತ್ತ ನಗುತ್ತ ಕೆಮ್ಮುವರು, ಕೆಮ್ಮಿನ ಮೇಲೆಯೂ ಒಂದು ಸಾಲು ಕಟ್ಟುವರು. ಆದರೆ ಸುಮ್ಮನೆ ಕೂತು ಕೇಳುವವರಿಗೆ ಅಲ್ಲಿ ಜಾಗವಿಲ್ಲ, ತೊಟ್ಟು ಬಿಡಿಸುತ್ತ ಕೇಳಬೇಕು. ಖಾರದ ಕೈಯಲ್ಲಿ ಪೆನ್ನು ಹಿಡಿಯುವುದು ಹೇಗೆ? ಸಂಜೆ ಬಸ್ಸಿನಲ್ಲಿ ನೆನಪು ಮಾಡಿಕೊಂಡರೆ ಮಾತು ಸಿಕ್ಕಿದಲ್ಲಿ ಧಾಟಿ ಸಿಗದು, ಧಾಟಿ ಸಿಕ್ಕಿದಲ್ಲಿ ಮಾತು ಸಿಗದು. ಮಾರನೆಯ ದಿನ ಕೇಳಿದರೆ ಅದೇ ಹಾಡು ಬೇರೆಯಾಗಿರುತ್ತಿತ್ತು. ಟೇಪ್ ರೆಕಾರ್ಡರ್ ಒಂದಿದ್ದರೆ ಎಂದು ಅವಳು ಹಂಬಲಿಸಿದ್ದು ಹೀಗೆ.

ಅಷ್ಟರಲ್ಲಿ ಸಿದ್ದಲಿಂಗಪ್ಪ ಸರ್ ದಾರಿ ಹುಡುಕಿದರು. ಗುರುಶಾಂತಪ್ಪನವರು ತಮ್ಮ ತಂದೆಯ ಹೆಸರಿನಲ್ಲಿ ಟ್ರಸ್ಟ್ ಮಾಡಿದ್ದರು. ನಾಡಿನ ಮೇಲೆ ಸಂಶೋಧನೆ ಮಾಡುವ ಒಬ್ಬರಿಗೆ ಫೆಲೋಶಿಪ್ ಕೊಡಿ ಎಂದು ಸರ್ ಅವರ ತಲೆಯಲ್ಲಿ ಹಾಕಿದರು. ಮೊದಲನೆಯದು ಅರುಣಾಳಿಗೇ ಬಂತು. ಕರಾರನ್ನು ಅವಳು ಹುಳುಕು ಹುಡುಕುವಂತೆ ಓದಿದಳು. ಬೇರೆ ಫೆಲೋಶಿಪ್ ತೆಗೆದುಕೊಳ್ಳಬಾರದು ಅನ್ನುವುದೊಂದು ಬಿಟ್ಟರೆ ಮತ್ತೇನೂ ಇರಲಿಲ್ಲ. ಏನು ಬರೆಯಬೇಕು, ಏನು ಬರೆಯಬಾರದು ಎಂಬ ಮಾತೇ ಇಲ್ಲ. ಸಾಹುಕಾರರು ದೊಡ್ಡ ಮನಸ್ಸಿನವರು ಎಂದು ಅವಳಿಗೆ ಅನ್ನಿಸಿತು. ಅದು ಸುಳ್ಳೂ ಅಲ್ಲ.

ಸಂಕ್ರಾಂತಿಯ ಮರುದಿನ ಗೋದಾಮಿನ ಅಂಗಳದಲ್ಲೇ ಪೆಂಡಾಲು ಹಾಕಿಸಿ ಕಾರ್ಯಕ್ರಮ ಇಟ್ಟರು. ರಾಶಿ ಒತ್ತಟ್ಟಿಗೆ ಸರಿಸಿ, ತೊಟ್ಟು ಬಿಡಿಸುವ ಹೆಂಗಸರನ್ನೆಲ್ಲ ಮುಂದೆ ಕೂರಿಸಿದರು. ಅರುಣಾ ಅವ್ವನ ಇಳಕಲ್ ಸೀರೆ ಉಟ್ಟುಕೊಂಡು ಹೋಗಿದ್ದಳು. ಚೆಕ್ಕು ಕೊಟ್ಟರು, ಶಾಲು ಹೊದಿಸಿದರು, ಫೋಟೋ ತೆಗೆದರು. ಅಲ್ಲಿಗೆ ಮುಗಿದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಸಾಹುಕಾರರ ಹೆಂಡತಿ ನೀಲವ್ವ ತಟ್ಟೆ ಹಿಡಿದು ವೇದಿಕೆ ಹತ್ತಿದರು. ತಟ್ಟೆಯಲ್ಲಿ ಅಕ್ಕಿ, ಬೆಲ್ಲದಚ್ಚು, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ರವಿಕೆಗೊಂದು ಖಣ.

“ನಮಗ ಹೆಣ್ಣಮಕ್ಕಳಿಲ್ಲ. ಇವತ್ತಿಂದ ಈಕಿನ ನಮ್ಮನಿ ಮಗಳು,” ಎಂದರು ನೀಲವ್ವ. “ಉಡಿ ಒಡ್ಡವಾ.”

ಸೆರಗನ್ನು ಮಡಿಲು ಮಾಡಿ ಒಡ್ಡಿದಳು. ಒಡ್ಡದೆ ಏನು ಮಾಡುತ್ತಾಳೆ? ಉಡಿ ತುಂಬಲು ಬಂದವರ ಮುಂದೆ ಸೆರಗು ಹಿಂದಕ್ಕೆಳೆದುಕೊಂಡ ಹೆಣ್ಣು ಈ ಸೀಮೆಯಲ್ಲಿ ಹುಟ್ಟಿಲ್ಲ. ನೀಲವ್ವನ ಕಣ್ಣಲ್ಲಿ ನೀರು, ಅರುಣಾಳ ಕಣ್ಣಲ್ಲೂ ನೀರು, ಮುಂದೆ ಕೂತ ಮೈಲವ್ವನೂ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಗಡಿಗೆ ಬಂದಾಗ ಅವ್ವ ರೇಣುಕವ್ವ ಆ ಅಕ್ಕಿಯಿಂದಲೇ ಹುಗ್ಗಿ ಮಾಡಿ, ನಿನಗೆ ಈಗ ಎರಡು ತವರುಮನೆ ಎಂದು ಹಿಗ್ಗಿದಳು. ಎಲ್ಲರೂ ಉಂಡರು.

ಮೊದಲ ಹಣದಲ್ಲಿ ಹಾವೇರಿಯ ಅಂಗಡಿಯಿಂದ ಟೇಪ್ ರೆಕಾರ್ಡರ್ ತಂದಳು. ಬ್ಯಾಡಗಿಗೆ ಬಸ್ಸು ಸಾಲದೆ ಓಡಿ ಹೋಗಬೇಕು ಅನ್ನಿಸುವಷ್ಟು ಆತುರ. ಅಂಗಳಕ್ಕೆ ಕಾಲಿಟ್ಟಳೋ ಇಲ್ಲವೋ, ಹೆಂಗಸರೆಲ್ಲ ಎದ್ದು ನಿಂತರು! ಯಾರೋ ಹೊಸ ಚೀಲ ಹಾಸಿದರು. ಹಿಂದಿನ ಸುಗ್ಗಿಯಲ್ಲಿ ‘ತಂಗಿ, ಈ ರಾಶಿ ಲಗೂ ಮುಗಿಸು’ ಎಂದು ಗದರುತ್ತಿದ್ದ ಮೈಲವ್ವ ‘ಕುಂದರ್ರಿ ಅಕ್ಕಾರ’ ಎಂದಳು. ಮೆಣಸಿನಕಾಯಿಗೆ ಕೈ ಹಾಕಿದರೆ ಕೈ ಹಿಡಿದುಕೊಂಡರು, ಉರಿಯುತ್ತದಂತೆ. ಹಾಡಿ ಎಂದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡು ದೇವಿಯ ಹಾಡು ಹಾಡಿದರು. ಆಮೇಲೆ ಮನೆತನ ಬೆಳೆಯಲಿ, ತೊಟ್ಟಿಲು ತೂಗಲಿ ಎಂದು ಹಾಡಿದರು. ಎರಡು ಕ್ಯಾಸೆಟ್ಟು ತುಂಬಿತು. ಸಿದ್ದಲಿಂಗಪ್ಪ ಸರ್ ಕೇಳಿ, ಬಹಳ ಸೊಗಸಾಗಿವೆ, ಆದರೆ ಇವು ಆಗಲೇ ಹತ್ತಾರು ಕಡೆ ಅಚ್ಚಾಗಿವೆಯಲ್ಲಮ್ಮ ಎಂದರು.

ಮತ್ತೆ ಹೋದಳು, ಮತ್ತೆ ಅದೇ ಚೀಲ, ಅದೇ ದೇವಿ. ಸಾಹುಕಾರರ ತಲೆನೋವಿನ ಹಾಡು ಹಾಡಿರೆಂದು ತಾನೇ ಬಾಯಿಬಿಟ್ಟು ಕೇಳಿದಳು. ಅಂಥ ಹಾಡು ತಮಗೆ ಗೊತ್ತೇ ಇಲ್ಲ ಎಂದು ಹಾಜಿರಾಬಿ ನೆಲ ನೋಡಿದಳು. ಆ ಹಾಡು ಕಟ್ಟಿದವಳೇ ಅವಳು.

ಇತ್ತ ನೀಲವ್ವ, ಮನೆ ಮಗಳು ದಿನಾ ಬಸ್ಸಿನಲ್ಲಿ ಅಡ್ಡಾಡುವುದು ಚೆಂದವಲ್ಲ ಎಂದು ಗೋದಾಮಿನ ಮೇಲಿನ ಕೋಣೆ ತೊಳೆಸಿಕೊಟ್ಟರು. ಟೇಬಲ್ಲು, ದೀಪ, ಮಂಚ, ಒಂದಕ್ಕೂ ಕೊರತೆಯಿಲ್ಲ. ಊಟ ಹೊತ್ತುಹೊತ್ತಿಗೆ ಬರುತ್ತಿತ್ತು. ಕತ್ತಲಾಗುವ ಮೊದಲು ಒಳಗಿರಬೇಕು, ನೆಂಟರು ಬಂದರೆ ಕೆಳಗಿಳಿದು ನಮಸ್ಕಾರ ಮಾಡಬೇಕು, ‘ಇಕಿ ನಮ್ಮನಿ ಮಗಳು, ನಮ್ಮ ಮ್ಯಾಲೆ ಪುಸ್ತಕ ಬರಿಯಾಕತ್ತಾಳ’ ಎಂದಾಗ ನಗಬೇಕು. ಸಂಜೆ ನೀಲವ್ವ ಎಣ್ಣೆ ಹಚ್ಚಿ ಹೆರಳು ಹಾಕುತ್ತಿದ್ದರು. ಜೈಲಿನಲ್ಲಿ ಯಾರೂ ತಲೆ ಬಾಚುವುದಿಲ್ಲ, ಮನಸ್ಸು ಬಂದಷ್ಟು ಸಿಟ್ಟು ಮಾಡಬಹುದು. ಇಲ್ಲಿ ಅದಕ್ಕೂ ದಾರಿಯಿರಲಿಲ್ಲ.

ಕೋಣೆಯ ಕಿಟಕಿ ಅಂಗಳಕ್ಕೇ ತೆರೆಯುತ್ತಿತ್ತು. ಮುಚ್ಚಿದ ಕಿಟಕಿಯಾಚೆ ಹಾಡಿನ ಗುನುಗು, ನಗು, ಕೆಮ್ಮು. ಅಗುಳಿ ತೆಗೆದ ಸದ್ದಿಗೇ ಹಾಡು ನಿಲ್ಲುತ್ತಿತ್ತು. ಖಾರದ ಘಾಟೊಂದೇ ಒಳಗೆ ಬರುತ್ತಿತ್ತು. ವಾರಗಟ್ಟಲೆ ಹೀಗೆ. ಒಂದು ಮಧ್ಯಾಹ್ನ ಅವಳು ಕಿಟಕಿಯ ಕೆಳಗೆ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ನೀಲವ್ವ ಓಡಿ ಬಂದು, ಅವ್ವನ ನೆನಪಾಯಿತೇನೆಂದು ಎದೆಗೊತ್ತಿಕೊಂಡರು.

ಹೆಂಗಸರು ಸಾಹುಕಾರರಿಗೆ ಹೆದರಿದ್ದಾರೆ, ಅಷ್ಟೇ ಎಂದು ಅರುಣಾ ಲೆಕ್ಕ ಹಾಕಿದಳು. ಓದಿದವರ ಲೆಕ್ಕ. ನಾನು ಈ ಹಣ ಬಿಟ್ಟರೆ ಅವರ ಹೆದರಿಕೆಯೂ ಬಿಡುತ್ತದೆ ಎಂದುಕೊಂಡಳು. ಅದೃಷ್ಟಕ್ಕೆ ವಿಶ್ವವಿದ್ಯಾಲಯದಲ್ಲಿ ಹಳೆಯ ಪುಣ್ಯಾತ್ಮನೊಬ್ಬನಿಗೆ ನೌಕರಿ ಸಿಕ್ಕು ಅವನ ವಿದ್ಯಾರ್ಥಿವೇತನ ಖಾಲಿಯಾಯಿತು. ಸಿಗುವ ಹಣ ಟ್ರಸ್ಟಿನದಕ್ಕಿಂತ ಬಹಳ ಕಡಿಮೆ. ಯುಗಾದಿ ಎದುರಿಗಿತ್ತು. ತನಗೇ ಕೊಡಿ ಎಂದು ಅರ್ಜಿ ಹಾಕಿದಳು. ಟ್ರಸ್ಟಿನವರು ಅಭ್ಯಂತರವಿಲ್ಲವೆಂದು ಬರೆದುಕೊಡಬೇಕಿತ್ತು.

ಆ ಕಾಗದ ತಾನೇ ಬರೆದುಕೊಂಡು ಗುರುಶಾಂತಪ್ಪನವರ ಮುಂದೆ ನಿಂತಳು. ಬೈಯುತ್ತಾರೆ, ಅಡ್ಡಗಾಲು ಹಾಕುತ್ತಾರೆ, ಅದಕ್ಕೆ ತಾನು ಹೀಗೆ ಹೀಗೆ ಉತ್ತರ ಕೊಡಬೇಕು ಎಂದು ರಾತ್ರಿಯೆಲ್ಲ ಸಿದ್ಧ ಮಾಡಿಕೊಂಡಿದ್ದಳು. ಅವರು ಕನ್ನಡಕ ಹಾಕಿಕೊಂಡು ಓದಿ, ಸಹಿ ಹಾಕಿ, ಕಾಗದ ಮಡಚಿ ಕೈಗೆ ಕೊಟ್ಟರು. ತೆಗೆದುಕೊಂಡ ಹಣ ಸ್ವಲ್ಪ ಸ್ವಲ್ಪವಾಗಿ ತೀರಿಸುತ್ತೇನೆ ಎಂದಾಗ ಮಾತ್ರ ಅವರ ಮುಖ ಸಣ್ಣದಾಯಿತು.

“ಮಗಳ ಕಡೆ ಯಾರರೆ ತಿರುಗಿ ಇಸಗೋತಾರೇನವಾ?” ಎಂದರು. “ಎಲ್ಲೇ ಓದು, ಚೊಲೋ ಓದು. ಮನಿ ಮರೀಬ್ಯಾಡ.”

ಹೊರಡುವಾಗ ನೀಲವ್ವ ತಟ್ಟೆ ತಂದರು. ಮನೆ ಮಗಳನ್ನು ಬರಿ ಉಡಿಯಲ್ಲಿ ಕಳಿಸುತ್ತಾರೆಯೇ? ಸೀರೆ ಇಲ್ಲ, ಚೂಡಿದಾರ ಹಾಕಿದ್ದಳು, ವೇಲನ್ನೇ ಹಿಡಿಯೆಂದರು. ಅಕ್ಕಿ, ಬೆಲ್ಲ, ಕೊಬ್ಬರಿ, ಎಲ್ಲ ಮತ್ತೆ ಬಂದು ಬಿತ್ತು. ಬೇಡ ಅನ್ನಲಾಗದೆ ವೇಲಿನ ತುದಿ ಸೇರಿಸಿ ಗಂಟು ಹಾಕಿಕೊಂಡಳು.

ಆ ಗಂಟು ಸೊಂಟಕ್ಕೆ ಕಟ್ಟಿಕೊಂಡೇ ಅಂಗಳಕ್ಕೆ ಇಳಿದಳು. ಹೆಂಗಸರು ಎದ್ದರು, ಚೀಲ ಹಾಸಿದರು. ಅವಳು ಚೀಲ ಪಕ್ಕಕ್ಕೆ ಸರಿಸಿ ಬರಿ ನೆಲದ ಮೇಲೆ ಕೂತಳು. ಟ್ರಸ್ಟಿನ ಹಣ ಬಿಟ್ಟಿದ್ದೇನೆ, ಸಾಹುಕಾರರಿಗೂ ನನಗೂ ಇನ್ನು ಲೇವಾದೇವಿಯಿಲ್ಲ, ನೀವು ಹಾಡಿದ್ದಕ್ಕೆ ಯಾರೂ ನಿಮ್ಮನ್ನು ಏನೂ ಅನ್ನದ ಹಾಗೆ ಹೆಸರು ಬದಲಿಸಿ ಬರೆಯುತ್ತೇನೆ ಎಂದು ಒಂದೇ ಉಸಿರಿಗೆ ಹೇಳಿದಳು. ಹೆದರಬೇಡಿ ಎಂದಳು.

ಮೈಲವ್ವ ಮೂಗಿನ ಬಟ್ಟೆ ಕೆಳಗೆ ಎಳೆದಳು. ಅಷ್ಟು ದಿನಗಳ ಮೇಲೆ ಮೊದಲ ಸಲ ‘ಅಕ್ಕಾರ’ ಬಿಟ್ಟು ಮಾತಾಡಿದಳು.

“ಹೆದರಿಕಿ ಯಾರಿಗೈತಿ ತಂಗೀ? ಸಾವ್ಕಾರ ಎದುರಿಗೆ ನಿಂತಾಗೂ ಹಾಡೀವಿ. ಅಂವಾ ನಕ್ಕೋತ ಹೋಗತಾನ.”

“ಮತ್ಯಾಕ ನನ್ನ ಮುಂದ ಹಾಡವಲ್ರಿ?”

“ತವರಮನಿ ಬೈದ ಹಾಡ ಮಗಳ ಮುಂದ ಹೆಂಗ ಹಾಡೂದವಾ? ನೀ ಕೇಳಿ ಸುಮ್ಮನಿರಬಹುದು, ನಮಗ ಬಾಯಿ ಬರಬೇಕಲ್ಲ.”

ನನ್ನ ತವರುಮನೆ ಅಗಡಿಯಲ್ಲಿದೆ ಎಂದು ಅರುಣಾ ದನಿಯೆತ್ತಿದಳು. ಹಾಜಿರಾಬಿ ಅವಳ ಸೊಂಟದ ಗಂಟಿನ ಕಡೆ ನೋಡಿದಳು.

“ರೊಕ್ಕ ತಿರುಗಿ ಕೊಡಬಹುದ್ರೀ,” ಎಂದಳು ಮೆಲ್ಲಗೆ. “ಅದನ್ನ ಹೆಂಗ ಕೊಡತೀರಿ?”

ಹೆದರಿಕೆಯಾಗಿದ್ದರೆ ಬಿಡಿಸಬಹುದಿತ್ತು. ಇದು ಮರ್ಯಾದೆ. ತನ್ನ ಮನಸ್ಸು ನೋಯಬಾರದೆಂದು ಈ ಹೆಂಗಸರು ಇಷ್ಟು ದಿನ ತಮ್ಮ ನಾಲಿಗೆ ಕಟ್ಟಿಕೊಂಡಿದ್ದರು, ಅದಕ್ಕೆ ಅವಳು ಏನು ಮದ್ದು ತಂದಾಳು? ಎದ್ದಳು. ಮೈಲವ್ವ ಅವಳ ಕೆನ್ನೆ ಸವರಲು ಕೈ ಎತ್ತಿ, ಖಾರದ ಕೈ ಎಂದು ನೆನಪಾಗಿ ಹಿಂದಕ್ಕೆ ತೆಗೆದುಕೊಂಡಳು. ಹೋಗಿ ಬಾ ಎಂದಳು.

ಗೇಟು ದಾಟಿ ಗೋದಾಮಿನ ಗೋಡೆಯ ಗುಂಟ ನಡೆದಳು. ಹಾವೇರಿ ಬಸ್ಸು ನಿಲ್ಲುವುದು ಆ ಗೋಡೆಯ ತುದಿಗೆ. ಅರ್ಧ ಗೋಡೆ ದಾಟಿರಲಿಲ್ಲ, ಒಳಗೆ ಹಾಡು ಎದ್ದಿತು. ಹಿಂದಿನ ಸುಗ್ಗಿಯ ಅದೇ ಧಾಟಿ, ಆ ತಲೆನೋವಿನ ಹಾಡಿನದು. ಅವಳು ಅಲ್ಲೇ ನಿಂತಳು. ಚೀಲಕ್ಕೆ ಕೈ ಹಾಕಿ ಟೇಪ್ ರೆಕಾರ್ಡರ್ ತೆಗೆದಳು, ಕೆಂಪು ಗುಂಡಿಯ ಮೇಲೆ ಬೆರಳಿಟ್ಟಳು. ಅಷ್ಟರಲ್ಲಿ ಹಾಜಿರಾಬಿಯ ದನಿ ಮೇಲಕ್ಕೆ ಹೋಯಿತು:

ಅಡತಿ ಅಪ್ಪಗ ಹಡಿಯದ ಮಗಳ ಬಂದಾಳ
ಉಡಿಯಾಗ ಬೆಲ್ಲ ಕಟಗೊಂಡು
ಉಡಿಯಾಗ ಬೆಲ್ಲ ಕಟಗೊಂಡು ನಮ್ಮವ್ವ
ಖಾರದ ಹಾಡ ಕೇಳ್ಯಾಳ!

ಒಳಗೆ ನಗು ಉಕ್ಕಿತು, ನಗುವಿನ ಹಿಂದೆಯೇ ಕೆಮ್ಮು. ಮೈಲವ್ವ ಆ ಸಾಲನ್ನು ಎತ್ತಿಕೊಂಡು ಇನ್ನೊಂದು ಸೇರಿಸಿದಳು. ಇಂಥ ಹಾಡನ್ನು ಅರುಣಾ ಕೇಳಿಯೇ ಇರಲಿಲ್ಲ. ಅವಳ ಪ್ರಬಂಧಕ್ಕೆ ಬೇಕಾದದ್ದು ಇದೇ, ಯುಗಾದಿಗೆ ಒಯ್ದು ಮೇಜಿನ ಮೇಲೆ ಇಟ್ಟರೆ ಯಾರೂ ಮಾತಾಡಲಾರರು. ಒಂದು ಗುಂಡಿ ಒತ್ತಿದರೆ ಸಾಕು. ತನ್ನ ಮನಸ್ಸು ಕಾಯಬೇಕೆಂದು ತಾನು ಗೇಟು ದಾಟುವವರೆಗೆ ತಡೆದುಕೊಂಡವರ ಹಾಡನ್ನು ಗೋಡೆಯ ಹಿಂದೆ ನಿಂತು ಕದಿಯಬೇಕು, ಅಷ್ಟೇ. ಬೆರಳು ಗುಂಡಿಯ ಮೇಲೆಯೇ ಇತ್ತು, ಒತ್ತಲಿಲ್ಲ. ಒಳಗೆ ಹೋದರೆ ಹಾಡಿಲ್ಲ, ಬಸ್ಸು ಹತ್ತಿದರೂ ಹಾಡಿಲ್ಲ.

ಬಸ್ಸು ಬಂದು ಹೋಯಿತು. ಹಾಜಿರಾಬಿ ಮತ್ತೊಂದು ಸಾಲು ಕಟ್ಟಿದಳು, ಅರುಣಾಳ ಎಣ್ಣೆ ಹಚ್ಚಿದ ಹೆರಳಿನ ಮೇಲೆ. ಅರುಣಾಳಿಗೆ ನಗು ತಡೆಯಲಾಗಲಿಲ್ಲ, ಅದರ ಜೊತೆಗೆ ಅಳು, ಅದರ ಜೊತೆಗೆ ಗೋಡೆ ಹಾರಿ ಬಂದ ಘಾಟಿಗೆ ಕೆಮ್ಮು. ಕೇಳಿಸಿದರೆ ಹಾಡು ನಿಂತುಬಿಡುತ್ತದೆ ಎಂದು ವೇಲಿನ ಚುಂಗನ್ನು ಬಾಯಿಗೆ ತುರುಕಿಕೊಂಡಳು. ಆ ಎಳೆತಕ್ಕೆ ಉಡಿಯ ಗಂಟು ಬಿಚ್ಚಿಕೊಂಡು ಅಕ್ಕಿ ಕಾಲ ಬಳಿ ಸುರಿಯಿತು.