ಮೊದಲ ಗುತ್ತಿಗೆ

ಸರ್ಕಾರಿ ಗುತ್ತಿಗೆ ಮಾಡಿದ ಅನುಭವ ಇದ್ದವರಿಗೆ ಮಾತ್ರ ಸರ್ಕಾರಿ ಗುತ್ತಿಗೆ. ಹಾಗಾದರೆ ಆ ಪುಣ್ಯಾತ್ಮರಿಗೆ ಮೊದಲನೆಯದನ್ನು ಕೊಟ್ಟವರು ಯಾರು? ಹೇರೋಹಳ್ಳಿಯಲ್ಲಿ ಸೋಲಾರ್ ಅಂಗಡಿ ಇಟ್ಟಿರುವ ಚೇತನಾ ಪ್ರತಿ ಟೆಂಡರ್ ಓದುವಾಗಲೂ ಇದನ್ನೇ ಕೇಳಿಕೊಂಡು ತಲೆ ಚಚ್ಚಿಕೊಳ್ಳುತ್ತಿದ್ದಳು. ಚಂದ್ರಾ ಲೇಔಟಿನ ಎಷ್ಟೋ ಮಹಡಿಗಳ ಮೇಲೆ ಪ್ಯಾನೆಲ್ ಕೂರಿಸಿದ್ದು ಅವಳೇ. ಕಲ್ಯಾಣ ಮಂಟಪ, ನರ್ಸಿಂಗ್ ಹೋಮ್, ಎಲ್ಲ ಆಗಿತ್ತು. ಆದರೆ ಅದೆಲ್ಲ ಖಾಸಗಿ, ಲೆಕ್ಕಕ್ಕಿಲ್ಲ. ಬರೀ ಮನೆಗಳನ್ನು ನಂಬಿಕೊಂಡರೆ ಮಳೆಗಾಲದಲ್ಲಿ ಕೆಲಸ ಬರದೆ ಕೆಲಸಗಾರರನ್ನು ಬಿಡಿಸಬೇಕಾಗುತ್ತಿತ್ತು. ಒಂದೇ ಒಂದು ಸರ್ಕಾರಿ ಕೆಲಸ ಅವಳ ಹೆಸರಿಗೆ ಬೇಕಿತ್ತು, ಅಷ್ಟೇ.

ಈ ಸಲ ಸರ್ಕಾರಿ ಶಾಲೆಗಳ ಮಹಡಿಗೆ ಸೋಲಾರ್ ಹಾಕುವ ಟೆಂಡರ್. ದರ ಹಾಕುವ ಮುಂಚೆ ಅನುಮಾನ ಇದ್ದರೆ ಕೇಳಿ ಎಂದು ಇಲಾಖೆ ಸಭೆ ಕರೆದಿತ್ತು. ಬಂದವರೆಲ್ಲ ಬಿಸ್ಕತ್ತು ತಿಂದರು, ಟೀ ಕುಡಿದರು, ಒಬ್ಬರೂ ತುಟಿ ಬಿಚ್ಚಲಿಲ್ಲ. ಕೇಳಿದರೆ ತಮ್ಮ ಹುಳುಕು ಪಕ್ಕದವನಿಗೆ ಗೊತ್ತಾಗಿಬಿಡುತ್ತದಲ್ಲ! ಚೇತನಾ ಎದ್ದು ನಿಂತಳು.

"ಸಾರ್, ಬಿಸಿಲಿಗೆ ಸರ್ಕಾರಿ ಮಹಡಿ, ಪ್ರೈವೇಟ್ ಮಹಡಿ ಅಂತ ಇದೆಯಾ? ಪ್ರೈವೇಟ್ ಕೆಲ್ಸದ ಅನುಭವ ಯಾಕೆ ಆಗಲ್ಲ?"

"ಬರೆದು ಕೊಡಿ ಮೇಡಂ, ನೋಡೋಣ," ಎಂದರು ಇಂಜಿನಿಯರ್.

ಬರೆದು ಕೊಟ್ಟಳು. ಆಶ್ಚರ್ಯವೆಂದರೆ ಅವರು ನಿಜವಾಗಿಯೂ ನೋಡಿದರು. ಈ ಒಂದು ಟೆಂಡರಿಗೆ ಖಾಸಗಿ ಅನುಭವವೂ ನಡೆಯುತ್ತದೆ ಎಂದು ತಿದ್ದುಪಡಿ ಬಂತು.

ನಡೆಯಿತು, ಅವಳಿಗಲ್ಲ, ಬ್ಯಾಡರಹಳ್ಳಿಯ ಉದಯಕುಮಾರನಿಗೆ. ಅವನಿಗಿದ್ದದ್ದೂ ಖಾಸಗಿ ಅನುಭವವೇ. ಸಭೆಯ ಕಡೆ ತಲೆ ಕೂಡ ಹಾಕದವನು ತಿದ್ದುಪಡಿ ಓದಿ, ಅವಳಿಗಿಂತ ಚೂರು ಕಡಿಮೆ ದರ ಹಾಕಿ ಕೆಲಸ ಹೊಡೆದುಕೊಂಡ. ಚೇತನಾಳಿಗೆ ಮೈಯೆಲ್ಲ ಉರಿದುಹೋಯಿತು. ಅವನ ಮೇಲೆ ಕೋಪ, ಸುಮ್ಮನೆ ಬಿಸ್ಕತ್ತು ತಿಂದುಕೊಂಡು ಕೂರದ ತನ್ನ ಮೇಲೆ ಇನ್ನೂ ಕೋಪ. ಮುಂದಿನ ಟೆಂಡರ್ ತೆರೆದರೆ ಮತ್ತೆ ಅದೇ ರಾಗ, ಸರ್ಕಾರಿ ಅನುಭವ ಕಡ್ಡಾಯ.

ಅಷ್ಟರಲ್ಲಿ ಉದಯಕುಮಾರ ಪೇಡದ ಡಬ್ಬಿ ಹಿಡಿದುಕೊಂಡು ಅವಳ ಅಂಗಡಿಗೇ ಬಂದ.

"ಅಕ್ಕ, ಆ ತಿದ್ದುಪಡಿ ಮಾಡ್ಸಿದ್ದು ನೀವಂತೆ, ನಿಮ್ಮಿಂದಾನೇ ನಂಗೆ ಸಿಕ್ಕಿದ್ದು. ಆದ್ರೆ ಇಷ್ಟೊಂದು ಸ್ಕೂಲು ನಮ್ಮ ಹುಡುಗ್ರ ಕೈಲಿ ಆಗಲ್ಲ. ಅರ್ಧ ನಿಮ್ಮೋರು ಮಾಡ್ಲಿ. ಯಾರಿಗೂ ಗೊತ್ತಾಗೋದು ಬೇಡ, ನನ್ನ ಹೆಸ್ರಲ್ಲೇ ಇರ್ಲಿ."

ಈ ಭಂಡತನಕ್ಕೆ ನಗುವುದೋ ಅಳುವುದೋ ಚೇತನಾಳಿಗೆ ತಿಳಿಯಲಿಲ್ಲ.

"ಮಾಡ್ತೀನಿ. ಆದ್ರೆ ಇಲಾಖೆ ಒಪ್ಪಿಗೆ ತಗೊಂಡು ಆ ಅರ್ಧ ನನ್ನ ಕಂಪನಿಗೆ ಬರೆದು ಕೊಡಿ. ಕೆಲ್ಸ ಮುಗಿದ್ಮೇಲೆ ಅನುಭವದ ಸರ್ಟಿಫಿಕೇಟು ನನ್ನ ಹೆಸ್ರಿಗೆ ಬರ್ಬೇಕು."

"ಹಂಗ್ ಮಾಡಿದ್ರೆ ಮುಂದಿನ ಟೆಂಡರಿಗೆ ನೀವೇ ನನ್ನ ಎದುರು ನಿಲ್ತೀರಲ್ಲಕ್ಕ!"

"ನಿಲ್ಲೋಕೇ ರೀ ಕೇಳ್ತಿರೋದು."

ಉದಯಕುಮಾರ ಡಬ್ಬಿ ನೋಡಿದ, ಅವಳ ಮುಖ ನೋಡಿದ. ಶಾಲೆ ಶುರುವಾಗುವುದರೊಳಗೆ ಕೆಲಸ ಮುಗಿಯದಿದ್ದರೆ ದಂಡ ಬೀಳುವುದು ಅವನಿಗೆ. ಕೊನೆಗೆ ಜೇಬಿನಿಂದ ಪೆನ್ನು ತೆಗೆದ.

"ಕಂಪನಿ ಪೂರ್ತಿ ಹೆಸ್ರು ಹೇಳಿ ಅಕ್ಕ, ಬರ್ಕೊತೀನಿ."